ಪಾರ್ಥೆನಾನ್

ಪಾರ್ಥೆನಾನ್ ಗ್ರೀಸ್ ದೇಶದ ಅಥೆನ್ಸ್ ನಗರದ ಆಕ್ರೊಪೊಲಿಸ್ ಗುಡ್ಡದ ಮೇಲಿರುವ ಪ್ರಾಚೀನ ದೇವಾಲಯ. ಇದು ನಗರದ ಅಧಿದೇವತೆಯಾದ ಅಥೀನಾಳಿಗೆ ಅರ್ಪಿತವಾಗಿದ್ದಿತು. ಇದರ ನಿರ್ಮಾಣ ಕ್ರಿ.ಪೂ. 447ರಲ್ಲಿ ಆರಂಭವಾಯಿತು. ಕ್ರಿ.ಪೂ. 438ರ ವೇಳೆಗೆ ಮುಖ್ಯ ಕಟ್ಟಡವು ಪೂರ್ಣಗೊಂಡು, ಶಿಲ್ಪಗಳ ಕೆಲಸ ಕ್ರಿ.ಪೂ. 432ರವರೆಗೆ ಮುಂದುವರಿಯಿತು. ಇಕ್ಟಿನಸ್ ಮತ್ತು ಕಾಲಿಕ್ರೇಟಿಸ್ ಇದರ ವಾಸ್ತುಶಿಲ್ಪಿಗಳು. ಶಿಲ್ಪಿ ಫಿಡಿಯಾಸ್ ಒಟ್ಟು ಕಲಾಕಾರ್ಯದ ಮೇಲ್ವಿಚಾರಕನಾಗಿದ್ದನು. ಗ್ರೀಕ್ ವಾಸ್ತುಶಿಲ್ಪದ ಡೋರಿಕ್ ಶೈಲಿಯ ಅತ್ಯಂತ ಪರಿಪಕ್ವ ಉದಾಹರಣೆಯೆಂದು ಪಾರ್ಥೆನಾನ್ ಅನ್ನು ಪರಿಗಣಿಸಲಾಗುತ್ತದೆ. ಕಟ್ಟಡ, ಶಿಲ್ಪ, ಬಣ್ಣ, ಸಂಗೀತ ಮತ್ತು ಮೆರವಣಿಗೆಗಳು ಒಂದೇ ಧಾರ್ಮಿಕ ಹಾಗೂ ನಾಗರಿಕ ಆಚರಣೆಯ ಅಂಗಗಳಾಗಿದ್ದುದಕ್ಕೆ ಇದು ಸಾಕ್ಷಿಯಾಗಿದೆ. ಇಂದು ಈ ದೇವಾಲಯ ಭಗ್ನಸ್ಥಿತಿಯಲ್ಲಿದ್ದು, ಉಳಿದ ಶಿಲ್ಪಗಳ ಬಹುಭಾಗವು ಅಥೆನ್ಸ್ ಮತ್ತು ಲಂಡನ್ ನಗರಗಳ ನಡುವೆ ಹಂಚಿಹೋಗಿದೆ. ಅವುಗಳನ್ನು ಮತ್ತೆ ಒಂದುಗೂಡಿಸಬೇಕೆ ಎಂಬುದು ಎರಡು ಶತಮಾನಗಳಿಂದಲೂ ನಡೆದು ಬಂದಿರುವ ವಿವಾದ.

ಹೆಸರು

ಗ್ರೀಕ್ ಭಾಷೆಯಲ್ಲಿ 'ಪಾರ್ಥೆನೋಸ್' ಎಂದರೆ ಕನ್ಯೆ. ಅವಿವಾಹಿತೆಯಾದ ಅಥೀನಾ ದೇವಿಗೆ ಇದು ವಿಶೇಷಣವಾಗಿದ್ದಿತು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನವರು ಈ ಕಟ್ಟಡವನ್ನು ಸಾಮಾನ್ಯವಾಗಿ 'ದೇವಾಲಯ' ಎಂದಷ್ಟೇ ಕರೆಯುತ್ತಿದ್ದರು. ಆಗಿನ ದಾಖಲೆಗಳಲ್ಲಿ 'ಪಾರ್ಥೆನಾನ್' ಎಂಬುದು ದೇವಾಲಯದ ಒಂದು ಭಾಗದ ಹೆಸರಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಇಡೀ ಕಟ್ಟಡಕ್ಕೆ ಆ ಹೆಸರು ಅನ್ವಯವಾದದ್ದು ಕ್ರಿ.ಪೂ. 4ನೆಯ ಶತಮಾನದಲ್ಲಿ.

ಹಿನ್ನೆಲೆ

ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ನಂತರ ಅಥೆನ್ಸಿನವರು ಇದೇ ಸ್ಥಳದಲ್ಲಿ ಅಮೃತಶಿಲೆಯ ದೇವಾಲಯವೊಂದನ್ನು ಕಟ್ಟಲಾರಂಭಿಸಿದ್ದರು. ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸೀಸನ ಸೇನೆ ಅಥೆನ್ಸನ್ನು ವಶಪಡಿಸಿಕೊಂಡು ಆಕ್ರೊಪೊಲಿಸನ್ನು ಸುಟ್ಟುಹಾಕಿದಾಗ ಆ ಅಪೂರ್ಣ ಕಟ್ಟಡವೂ ನಾಶವಾಯಿತು. ಅದರ ಕಂಬಗಳ ತುಂಡುಗಳನ್ನು ಅಥೆನ್ಸಿನವರು ಗುಡ್ಡದ ಉತ್ತರದ ಕೋಟೆಗೋಡೆಯಲ್ಲಿ ಕಟ್ಟಿದರು. ನಗರದ ಕಡೆಯಿಂದ ನೋಡಿದರೆ ಅವು ಇಂದಿಗೂ ಕಾಣಿಸುತ್ತವೆ.

ಪರ್ಷಿಯದ ವಿರುದ್ಧ ರಚನೆಯಾದ ಡೆಲೋಸ್ ಒಕ್ಕೂಟಕ್ಕೆ ಅಥೆನ್ಸ್ ನಾಯಕತ್ವ ವಹಿಸಿತ್ತು. ಸದಸ್ಯ ನಗರಗಳು ಹಡಗುಗಳನ್ನಾಗಲಿ ಹಣವನ್ನಾಗಲಿ ಕೊಡಬೇಕಾಗಿದ್ದಿತು. ಕ್ರಿ.ಪೂ. 454ರಲ್ಲಿ ಒಕ್ಕೂಟದ ಖಜಾನೆಯನ್ನು ಡೆಲೋಸ್ ದ್ವೀಪದಿಂದ ಅಥೆನ್ಸಿಗೆ ಸಾಗಿಸಲಾಯಿತು. ಮಿತ್ರ ನಗರಗಳ ಕಾಣಿಕೆ ಕ್ರಮೇಣ ಕಪ್ಪವಾಗಿ ಮಾರ್ಪಟ್ಟಿತು. ಈ ಸಂಪತ್ತಿನ ನಡುವೆ ರಾಜನೀತಿಜ್ಞ ಪೆರಿಕ್ಲೀಸ್ ಆಕ್ರೊಪೊಲಿಸಿನ ಪುನರ್ನಿರ್ಮಾಣದ ಯೋಜನೆಯನ್ನು ಮುಂದಿಟ್ಟನು. ಯುದ್ಧಕ್ಕೆಂದು ಕೊಟ್ಟ ಮಿತ್ರರ ಹಣದಿಂದ ನಗರವನ್ನು ಸಿಂಗರಿಸುವುದು ಅನ್ಯಾಯವೆಂದು ಪೆರಿಕ್ಲೀಸನ ವಿರೋಧಿಗಳು ಆಕ್ಷೇಪಿಸಿದರೆಂದೂ, ಮಿತ್ರರಿಗೆ ರಕ್ಷಣೆ ಒದಗಿಸುತ್ತಿರುವವರೆಗೆ ಹಣದ ಲೆಕ್ಕ ಕೊಡಬೇಕಾಗಿಲ್ಲವೆಂದು ಅವನು ಉತ್ತರಿಸಿದನೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಈ ಕಾರಣದಿಂದ ಪಾರ್ಥೆನಾನ್ ಅಥೆನ್ಸಿನ ಪ್ರಜಾಪ್ರಭುತ್ವದ ಸ್ಮಾರಕವೂ ಹೌದು, ಅದರ ಸಾಮ್ರಾಜ್ಯದ ಸ್ಮಾರಕವೂ ಹೌದು.

ನಿರ್ಮಾಣ

ನಿರ್ಮಾಣದ ಆಯವ್ಯಯವನ್ನು ವರ್ಷವರ್ಷವೂ ಅಮೃತಶಿಲೆಯ ಫಲಕದ ಮೇಲೆ ಕೆತ್ತಿಸಿ ಸಾರ್ವಜನಿಕರ ಮುಂದಿಡಲಾಗುತ್ತಿತ್ತು. ಆ ಶಾಸನದ ಕೆಲವು ತುಂಡುಗಳು ಉಳಿದಿವೆ. ಕಲ್ಲುಗಣಿಯ ಕೂಲಿ, ಸಾಗಾಟದ ವೆಚ್ಚ, ಶಿಲ್ಪಿಗಳ ಸಂಬಳ ಮಾತ್ರವಲ್ಲದೆ, ಮಿಕ್ಕ ಚಿನ್ನ ಮತ್ತು ದಂತವನ್ನು ಮಾರಿ ಬಂದ ಹಣವೂ ಅವುಗಳಲ್ಲಿ ನಮೂದಾಗಿದೆ.

ಕಲ್ಲು ದೊರೆತದ್ದು ನಗರದಿಂದ ಸುಮಾರು 16 ಕಿಲೋಮೀಟರ್ ದೂರದ ಪೆಂಟೆಲಿಕಾನ್ ಬೆಟ್ಟದಲ್ಲಿ. ಈ ಅಮೃತಶಿಲೆಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಕಾಲ ಕಳೆದಂತೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಪ್ರತಿಯೊಂದು ಕಂಬವನ್ನೂ ಒಂದರ ಮೇಲೊಂದು ಇಟ್ಟ ದುಂಡು ತುಂಡುಗಳಿಂದ ಕಟ್ಟಲಾಯಿತು. ಕಂಬಗಳ ಮೇಲಿನ ಉದ್ದನೆಯ ಕೊರೆತಗಳನ್ನು ತುಂಡುಗಳೆಲ್ಲ ಸ್ಥಳದಲ್ಲಿ ನಿಂತ ಮೇಲೆಯೇ ಪೂರ್ಣಗೊಳಿಸಲಾಯಿತು. ಗಾರೆ ಬಳಸಿಲ್ಲ. ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬೆಸೆದು, ತುಕ್ಕು ಹಿಡಿಯದಂತೆ ಕೊಂಡಿಗಳ ಸುತ್ತ ಸೀಸವನ್ನು ಎರಕ ಹೊಯ್ಯಲಾಗಿದೆ.

ಪಾರ್ಥೆನಾನಿನಲ್ಲಿ ದುಡಿದ ಕೂಲಿಕಾರರ ವಿವರ ಉಳಿದಿಲ್ಲ. ಆದರೆ ಅದೇ ಗುಡ್ಡದ ಮೇಲೆ ಒಂದು ತಲೆಮಾರಿನ ನಂತರ ಮುಗಿದ ಎರೆಕ್ಥಿಯಾನ್ ದೇವಾಲಯದ ಲೆಕ್ಕಪತ್ರಗಳಲ್ಲಿ ನಾಗರಿಕರು, ಅಥೆನ್ಸಿನಲ್ಲಿ ನೆಲೆಸಿದ್ದ ಪರಊರಿನವರು ಹಾಗೂ ಗುಲಾಮರು ಒಟ್ಟಿಗೆ ದುಡಿದುದೂ, ದಿನಕ್ಕೆ ಒಂದು ಡ್ರಾಕ್ಮಾ ಸಾಮಾನ್ಯ ಕೂಲಿಯಾಗಿದ್ದುದೂ ಕಂಡುಬರುತ್ತದೆ.

ವಾಸ್ತುವಿನ್ಯಾಸ

ಮೂರು ಮೆಟ್ಟಿಲುಗಳ ಪೀಠದ ಮೇಲೆ ನಿಂತಿರುವ ದೇವಾಲಯದ ಮೇಲ್ಜಗತಿಯು ಸುಮಾರು 69.5 ಮೀಟರ್ ಉದ್ದ ಮತ್ತು 30.9 ಮೀಟರ್ ಅಗಲವಿದೆ. ಸುತ್ತಲೂ 46 ಹೊರಗಂಬಗಳಿವೆ. ಮುಂದೆ ಮತ್ತು ಹಿಂದೆ ಎಂಟೆಂಟು, ಪಕ್ಕಗಳಲ್ಲಿ ಮೂಲೆಯ ಕಂಬಗಳೂ ಸೇರಿ ಹದಿನೇಳು. ಡೋರಿಕ್ ದೇವಾಲಯಗಳಲ್ಲಿ ಮುಂಭಾಗಕ್ಕೆ ಆರು ಕಂಬಗಳಿರುವುದು ವಾಡಿಕೆ. ಎಂಟು ಕಂಬಗಳಿಂದಾಗಿ ಪಾರ್ಥೆನಾನಿಗೆ ವಿಶಾಲವಾದ ಮುಖವೂ ಒಳಗೆ ದೊಡ್ಡ ವಿಗ್ರಹಕ್ಕೆ ಬೇಕಾದ ಅಗಲವೂ ದೊರೆತವು. ಪ್ರತಿ ಕಂಬದ ಎತ್ತರ ಸುಮಾರು 10.4 ಮೀಟರ್, ಬುಡದ ವ್ಯಾಸ ಸುಮಾರು 1.9 ಮೀಟರ್.

ಒಳಭಾಗವು ಎರಡು ಕೋಣೆಗಳಾಗಿ ವಿಭಾಗವಾಗಿದೆ. ಪೂರ್ವಕ್ಕೆ ಬಾಗಿಲಿದ್ದ ದೊಡ್ಡ ಕೋಣೆಯಲ್ಲಿ ಅಥೀನಾಳ ವಿಗ್ರಹವಿದ್ದಿತು. ಅದರ ಮೂರು ಬದಿಗಳಲ್ಲಿ ಎರಡು ಅಂತಸ್ತಿನ ಡೋರಿಕ್ ಕಂಬಸಾಲುಗಳಿದ್ದವು. ಪಶ್ಚಿಮದ ಸಣ್ಣ ಕೋಣೆಯ ಮಾಡನ್ನು ನಾಲ್ಕು ಅಯೋನಿಕ್ ಕಂಬಗಳು ಹೊತ್ತಿದ್ದವೆಂದು ಭಾವಿಸಲಾಗಿದೆ. ಸರಳ ಬೋದಿಗೆಯ ಗಟ್ಟಿಮುಟ್ಟಾದ ಡೋರಿಕ್ ಶೈಲಿ ಗ್ರೀಸಿನ ಮುಖ್ಯಭೂಮಿಯದು. ಸುರುಳಿ ಬೋದಿಗೆಯ ಅಯೋನಿಕ್ ಶೈಲಿ ಪೂರ್ವದ ದ್ವೀಪಗಳದು ಮತ್ತು ಏಷ್ಯಾ ಮೈನರ್ ಕರಾವಳಿಯದು. ಎರಡನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿರುವುದು ಪಾರ್ಥೆನಾನಿನ ವಿಶೇಷಗಳಲ್ಲೊಂದು.

ಗ್ರೀಕ್ ದೇವಾಲಯವು ಭಕ್ತರು ಒಳಗೆ ಸೇರಿ ಪೂಜಿಸುವ ಸಭಾಂಗಣವಾಗಿರಲಿಲ್ಲ. ಬಲಿಯನ್ನು ಹೊರಗಿನ ವೇದಿಕೆಯ ಮೇಲೆ ಅರ್ಪಿಸಲಾಗುತ್ತಿತ್ತು. ಆದ್ದರಿಂದಲೇ ಕಟ್ಟಡದ ಹೊರಮುಖಕ್ಕೆ ಅಷ್ಟೊಂದು ಗಮನ ಸಂದಿದೆ.

ಸೂಕ್ಷ್ಮ ತಿದ್ದುಗಳು

ನೋಡುವವರಿಗೆ ಸರಳರೇಖೆಗಳಿಂದ ಕೂಡಿದಂತೆ ಕಾಣುವ ಈ ಕಟ್ಟಡದಲ್ಲಿ ನಿಜವಾದ ಸರಳರೇಖೆಗಳು ಬಹಳ ಕಡಿಮೆ. ಮೇಲ್ಜಗತಿಯು ನಡುವಿನಲ್ಲಿ ಉಬ್ಬಿದೆ. ಉಬ್ಬಿನ ಪ್ರಮಾಣ ಕಿರಿದಾದ ಬದಿಗಳಲ್ಲಿ ಸುಮಾರು 6 ಸೆಂಟಿಮೀಟರ್, ಉದ್ದದ ಬದಿಗಳಲ್ಲಿ ಸುಮಾರು 11 ಸೆಂಟಿಮೀಟರ್. ಕಂಬಗಳು ಸ್ವಲ್ಪ ಒಳಕ್ಕೆ ವಾಲಿವೆ. ಮೇಲೇರಿದಂತೆ ಕಿರಿದಾಗುವ ಕಂಬದ ಅಂಚು ನೇರವಾಗಿರದೆ ಹದವಾಗಿ ಉಬ್ಬಿಕೊಂಡಿದೆ. ಮೂಲೆಯ ಕಂಬಗಳು ಉಳಿದವುಗಳಿಗಿಂತ ಸುಮಾರು 4 ಸೆಂಟಿಮೀಟರ್ ದಪ್ಪವಾಗಿದ್ದು, ಪಕ್ಕದ ಕಂಬಕ್ಕೆ ಹತ್ತಿರವಾಗಿಯೂ ಇವೆ.

ಇದರ ಪರಿಣಾಮವಾಗಿ, ಒಂದೇ ಅಚ್ಚಿನಂತೆ ಕಾಣುವ ಕಲ್ಲುಗಳು ವಾಸ್ತವವಾಗಿ ಒಂದೊಂದೂ ತನ್ನ ಸ್ಥಾನಕ್ಕೆ ತಕ್ಕಂತೆ ಬೇರೆಬೇರೆಯಾಗಿ ಕೆತ್ತಿದವು. ಈ ತಿದ್ದುಗಳ ಉದ್ದೇಶದ ಬಗ್ಗೆ ಒಮ್ಮತವಿಲ್ಲ. ಉದ್ದನೆಯ ನೇರರೇಖೆಯು ನಡುವೆ ಕುಸಿದಂತೆ ಕಾಣುವ ದೃಷ್ಟಿಭ್ರಮೆಯನ್ನು ನಿವಾರಿಸಲು ಜಗತಿಯನ್ನು ಉಬ್ಬಿಸಬೇಕೆಂದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದಾನೆ. ಕಟ್ಟಡಕ್ಕೆ ಜೀವಂತಿಕೆಯನ್ನು ತರುವುದೇ ಉದ್ದೇಶವಾಗಿತ್ತೆಂಬುದು ಇನ್ನೊಂದು ಅಭಿಪ್ರಾಯ. ಮಳೆನೀರು ಹರಿದುಹೋಗಲೂ ಉಬ್ಬು ಸಹಾಯಕವಾಗಿದ್ದಿರಬಹುದು. ಪಾರ್ಥೆನಾನಿನ ಬಗ್ಗೆ ಇಕ್ಟಿನಸನೇ ಒಂದು ಗ್ರಂಥವನ್ನು ಬರೆದಿದ್ದನೆಂದು ವಿಟ್ರುವಿಯಸ್ ತಿಳಿಸುತ್ತಾನೆ; ಆ ಗ್ರಂಥ ನಷ್ಟವಾಗಿದೆ.

ಅನುಪಾತ

ಪಾರ್ಥೆನಾನಿನ ವಿನ್ಯಾಸ 'ಸುವರ್ಣ ಅನುಪಾತ'ವನ್ನು ಆಧರಿಸಿದೆಯೆಂಬ ಹೇಳಿಕೆ ಜನಪ್ರಿಯವಾಗಿದ್ದರೂ ಅದಕ್ಕೆ ಪ್ರಾಚೀನ ದಾಖಲೆಗಳ ಬೆಂಬಲವಿಲ್ಲ. ಅಳತೆಗಳಲ್ಲಿ ಮತ್ತೆಮತ್ತೆ ಕಂಡುಬರುವ ಅನುಪಾತ 4:9. ಜಗತಿಯ ಅಗಲ ಮತ್ತು ಉದ್ದ, ಕಂಬದ ವ್ಯಾಸ ಮತ್ತು ಕಂಬಗಳ ನಡುವಣ ಅಂತರ, ಪೆಡಿಮೆಂಟನ್ನು ಬಿಟ್ಟು ಮುಂಭಾಗದ ಎತ್ತರ ಮತ್ತು ಜಗತಿಯ ಅಗಲ ಇವೆಲ್ಲವೂ ಇದಕ್ಕೆ ಅತ್ಯಂತ ಸಮೀಪವಾಗಿವೆ. ಸಣ್ಣ ಪೂರ್ಣಸಂಖ್ಯೆಗಳ ಮೂಲಕ ಹೊಂದಾಣಿಕೆಯನ್ನು ವಿವರಿಸುವ ಕ್ರಮವು ಗ್ರೀಕ್ ಸಂಗೀತಶಾಸ್ತ್ರದಲ್ಲಿಯೂ ಇದ್ದಿತು. ತಂತಿಯ ಉದ್ದ 2:1ರಲ್ಲಿದ್ದರೆ ಅಷ್ಟಮ, 3:2ರಲ್ಲಿದ್ದರೆ ಪಂಚಮ, 4:3ರಲ್ಲಿದ್ದರೆ ಮಧ್ಯಮ ಸ್ವರಾಂತರ ದೊರೆಯುತ್ತದೆಂಬುದನ್ನು ಪೈಥಾಗೊರಸನ ಪಂಥದವರು ಬೋಧಿಸುತ್ತಿದ್ದರು. ಆದರೆ ಪಾರ್ಥೆನಾನಿನ ಅನುಪಾತವನ್ನು ಸಂಗೀತದಿಂದಲೇ ಪಡೆಯಲಾಯಿತೆಂದು ಹೇಳಲು ಆಧಾರವಿಲ್ಲ.

ಶಿಲ್ಪಗಳು

ದೇವಾಲಯದ ಹೊರಗೆ ಮೂರು ಬಗೆಯ ಶಿಲ್ಪಗಳಿದ್ದವು.

ಮೆಟೊಪೆ ಫಲಕಗಳು: ಹೊರಗಂಬಗಳ ತೊಲೆಯ ಮೇಲೆ ಸುತ್ತಲೂ 92 ಚೌಕಾಕಾರದ ಉಬ್ಬುಶಿಲ್ಪ ಫಲಕಗಳಿದ್ದವು. ಪೂರ್ವದಲ್ಲಿ ದೇವತೆಗಳು ಮತ್ತು ದೈತ್ಯರ ಯುದ್ಧ, ಪಶ್ಚಿಮದಲ್ಲಿ ಅಮೆಜಾನ್ ವೀರವನಿತೆಯರೊಡನೆ ಯುದ್ಧ, ಉತ್ತರದಲ್ಲಿ ಟ್ರಾಯ್ ನಗರದ ಪತನ, ದಕ್ಷಿಣದಲ್ಲಿ ಲ್ಯಾಪಿತ್ ಜನರಿಗೂ ಅರ್ಧ ಮನುಷ್ಯ ಅರ್ಧ ಕುದುರೆಯ ರೂಪದ ಸೆಂಟಾರರಿಗೂ ನಡೆದ ಕಾಳಗ ಇವುಗಳ ವಿಷಯ. ಪರ್ಷಿಯನ್ನರ ಮೇಲೆ ಗ್ರೀಕರು ಗಳಿಸಿದ ಜಯವನ್ನು ಈ ಪುರಾಣಕಥೆಗಳು ಪರೋಕ್ಷವಾಗಿ ಸೂಚಿಸುತ್ತವೆಂದು ಸಾಮಾನ್ಯವಾಗಿ ವ್ಯಾಖ್ಯಾನಿಸಲಾಗುತ್ತದೆ.

ಪೆಡಿಮೆಂಟ್ ಶಿಲ್ಪಗಳು: ಮಾಡಿನ ಎರಡೂ ತುದಿಗಳಲ್ಲಿ ಪೆಡಿಮೆಂಟ್ ಎಂಬ ತ್ರಿಕೋನಾಕಾರದ ಮುಖಭಾಗವಿದ್ದು, ಅದರಲ್ಲಿ ಬಿಡಿಯಾಗಿ ಕೆತ್ತಿದ ದೊಡ್ಡ ಮೂರ್ತಿಗಳನ್ನು ನಿಲ್ಲಿಸಲಾಗಿತ್ತು. ಪೂರ್ವದಲ್ಲಿ ಜ್ಯೂಸ್ ದೇವನ ತಲೆಯಿಂದ ಅಥೀನಾ ಜನಿಸಿದ ಪ್ರಸಂಗ, ಪಶ್ಚಿಮದಲ್ಲಿ ಅಥೆನ್ಸಿನ ಒಡೆತನಕ್ಕಾಗಿ ಅಥೀನಾ ಮತ್ತು ಸಮುದ್ರದೇವ ಪೊಸೈಡನ್ ನಡುವೆ ನಡೆದ ಸ್ಪರ್ಧೆ ಇವು ವಿಷಯಗಳೆಂದು ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ದಾಖಲಿಸಿದ್ದಾನೆ. ನೆಲದಿಂದ ಕಾಣದಿದ್ದ ಮೂರ್ತಿಗಳ ಹಿಂಭಾಗವನ್ನೂ ಶಿಲ್ಪಿಗಳು ಎಚ್ಚರಿಕೆಯಿಂದ ಕೆತ್ತಿದ್ದಾರೆ.

ಶಿಲ್ಪಪಟ್ಟಿಕೆ: ಹೊರಗಂಬಗಳ ಒಳಗಡೆ, ಗೋಡೆಯ ಮೇಲ್ಭಾಗದಲ್ಲಿ, ಕಟ್ಟಡವನ್ನು ಸುತ್ತುವರಿದು ಸುಮಾರು 160 ಮೀಟರ್ ಉದ್ದ ಮತ್ತು 1 ಮೀಟರ್ ಎತ್ತರದ ಅಖಂಡ ಪಟ್ಟಿಕೆಯಿದ್ದಿತು. ಇದು ಅಯೋನಿಕ್ ಶೈಲಿಯ ಅಂಗ. ಇದರಲ್ಲಿ 378 ಮಾನವ ಮತ್ತು ದೇವತಾ ರೂಪಗಳೂ 200ಕ್ಕೂ ಹೆಚ್ಚು ಪ್ರಾಣಿಗಳೂ ಇವೆ. ಸಾಲುಸಾಲಾಗಿ ಸಾಗುವ ಕುದುರೆ ಸವಾರರು, ರಥಗಳು, ಹಿರಿಯರು, ವಾದ್ಯಗಾರರು, ನೀರಿನ ಕೊಡ ಹೊತ್ತವರು, ಬಲಿಪಶುಗಳನ್ನು ನಡೆಸಿಕೊಂಡು ಹೋಗುವವರು, ಕನ್ಯೆಯರು ಮೆರವಣಿಗೆಯಲ್ಲಿದ್ದಾರೆ. ಪೂರ್ವದ ನಡುವೆ ಆಸೀನರಾದ ದೇವತೆಗಳೂ, ಮಡಿಸಿದ ಬಟ್ಟೆಯೊಂದನ್ನು ಹಿಡಿದ ವ್ಯಕ್ತಿಗಳೂ ಇದ್ದಾರೆ. ಉಬ್ಬಿನ ಆಳ ಕೆಲವೇ ಸೆಂಟಿಮೀಟರ್ ಆಗಿದ್ದರೂ, ಒಬ್ಬರ ಹಿಂದೊಬ್ಬರಂತೆ ಹಲವು ಸವಾರರು ಅದರಲ್ಲಿ ಸೇರಿದ್ದಾರೆ. ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆ ಸ್ಪಷ್ಟವಾಗಲೆಂದು ಮೇಲ್ಭಾಗವನ್ನು ಕೆಳಭಾಗಕ್ಕಿಂತ ಹೆಚ್ಚು ಉಬ್ಬಾಗಿ ಕೆತ್ತಲಾಗಿದೆ. ಪಟ್ಟಿಕೆಯು ಪ್ಯಾನಥೀನಿಯಾ ಉತ್ಸವದ ಮೆರವಣಿಗೆಯನ್ನು ಚಿತ್ರಿಸುತ್ತದೆಂಬುದು ಹೆಚ್ಚಿನ ವಿದ್ವಾಂಸರ ಮತ. ಅಥೆನ್ಸನ್ನು ಉಳಿಸಲು ಪುರಾತನ ದೊರೆ ಎರೆಕ್ಥಿಯಸ್ ತನ್ನ ಮಗಳನ್ನು ಬಲಿಕೊಟ್ಟ ಕಥೆ ಇದರಲ್ಲಿದೆಯೆಂಬ ವಾದವೂ ಇದೆ.

ಅಥೀನಾ ಪಾರ್ಥೆನೋಸ್ ವಿಗ್ರಹ

ಒಳಕೋಣೆಯಲ್ಲಿದ್ದ ಅಥೀನಾಳ ವಿಗ್ರಹವನ್ನು ಫಿಡಿಯಾಸನೇ ರೂಪಿಸಿದನು. ಸುಮಾರು 12 ಮೀಟರ್ ಎತ್ತರದ ಈ ವಿಗ್ರಹದ ಮೈ ದಂತದಿಂದಲೂ ಉಡುಪು ಚಿನ್ನದಿಂದಲೂ ಮಾಡಲ್ಪಟ್ಟಿದ್ದವು. ಬಲಗೈಯಲ್ಲಿ ವಿಜಯದೇವತೆ ನೈಕಿಯ ಮೂರ್ತಿಯಿದ್ದಿತು. ಇತಿಹಾಸಕಾರ ಥುಸಿಡಿಡೀಸನ ಪ್ರಕಾರ ವಿಗ್ರಹದಲ್ಲಿದ್ದ ಚಿನ್ನ 40 ಟ್ಯಾಲೆಂಟ್, ಅಂದರೆ ಸುಮಾರು 1,000 ಕಿಲೋಗ್ರಾಂ. ಆ ಚಿನ್ನವನ್ನು ಬಿಚ್ಚಿ ತೆಗೆಯಲು ಸಾಧ್ಯವಿದ್ದಿತು. ಯುದ್ಧದ ಸಂಕಟಕಾಲದಲ್ಲಿ ಅದನ್ನು ಬಳಸಿ ಅನಂತರ ಮರಳಿಸಬಹುದೆಂದು ಪೆರಿಕ್ಲೀಸ್ ನಾಗರಿಕರಿಗೆ ತಿಳಿಸಿದ್ದನು. ಹೀಗೆ ದೇವಿಯ ಉಡುಪು ನಗರದ ಮೀಸಲು ನಿಧಿಯೂ ಆಗಿದ್ದಿತು. ಮೂಲ ವಿಗ್ರಹ ಉಳಿದಿಲ್ಲ. ಪ್ರಾಚೀನ ವರ್ಣನೆಗಳಿಂದಲೂ ರೋಮನ್ ಕಾಲದ ಸಣ್ಣ ಪ್ರತಿಕೃತಿಗಳಿಂದಲೂ ಅದರ ಸ್ವರೂಪ ತಿಳಿದುಬರುತ್ತದೆ.

ಬಣ್ಣ

ಗ್ರೀಕ್ ಶಿಲ್ಪವೆಂದರೆ ಶುಭ್ರ ಬಿಳುಪೆಂಬ ಕಲ್ಪನೆ ನಂತರದ ಕಾಲದ್ದು. ಪಾರ್ಥೆನಾನಿನ ಶಿಲ್ಪಗಳಿಗೂ ಕಟ್ಟಡದ ಮೇಲ್ಭಾಗದ ಅಲಂಕಾರಗಳಿಗೂ ನೀಲಿ, ಕೆಂಪು ಮೊದಲಾದ ಬಣ್ಣಗಳನ್ನು ಬಳಿಯಲಾಗಿತ್ತು. ಕುದುರೆಗಳ ಲಗಾಮು, ಆಯುಧ ಮುಂತಾದವನ್ನು ಲೋಹದಿಂದ ಮಾಡಿ ಜೋಡಿಸಲಾಗಿತ್ತು. ಅವುಗಳಿಗಾಗಿ ಕೊರೆದ ರಂಧ್ರಗಳು ಇಂದಿಗೂ ಇವೆ. 2009ರಲ್ಲಿ ಬ್ರಿಟಿಷ್ ಮ್ಯೂಸಿಯಮ್ ನಡೆಸಿದ ಪರೀಕ್ಷೆಯಲ್ಲಿ, ಪಶ್ಚಿಮ ಪೆಡಿಮೆಂಟಿನ ಐರಿಸ್ ದೇವತೆಯ ಸೊಂಟಪಟ್ಟಿಯ ಮೇಲೆ 'ಈಜಿಪ್ಟಿನ ನೀಲಿ' ಎಂಬ ವರ್ಣದ್ರವ್ಯದ ಕಣಗಳು ಪತ್ತೆಯಾದವು. ಬಿಳುಪೇ ಸಹಜವೆಂಬ ನಂಬಿಕೆಯಿಂದ ಹಾನಿಯೂ ಆಗಿದೆ. 1937-38ರಲ್ಲಿ ಅದೇ ಸಂಗ್ರಹಾಲಯದಲ್ಲಿ ಕೆಲವು ಶಿಲ್ಪಗಳನ್ನು ತಾಮ್ರದ ಉಪಕರಣಗಳಿಂದ ಉಜ್ಜಿ ಬಿಳುಪುಗೊಳಿಸಿದಾಗ ಅವುಗಳ ಪ್ರಾಚೀನ ಹೊರಪದರ ಕಳೆದುಹೋಯಿತು.

ಉತ್ಸವ ಮತ್ತು ಸಂಗೀತ

ಅಥೀನಾಳ ಗೌರವಾರ್ಥ ಪ್ರತಿ ವರ್ಷ ಬೇಸಿಗೆಯಲ್ಲಿ ಪ್ಯಾನಥೀನಿಯಾ ಉತ್ಸವ ನಡೆಯುತ್ತಿತ್ತು. ನಾಲ್ಕು ವರ್ಷಗಳಿಗೊಮ್ಮೆ ಅದು ವೈಭವದ ಮಹೋತ್ಸವವಾಗುತ್ತಿತ್ತು. ನಗರದ್ವಾರದಿಂದ ಹೊರಟ ಮೆರವಣಿಗೆ ಅಗೋರಾ ಎಂಬ ಸಾರ್ವಜನಿಕ ಚೌಕವನ್ನು ಹಾದು ಆಕ್ರೊಪೊಲಿಸನ್ನು ಏರಿ, ದೇವಿಗೆಂದು ನೇಯ್ದ ಪೆಪ್ಲೋಸ್ ಎಂಬ ವಸ್ತ್ರವನ್ನು ಒಪ್ಪಿಸುತ್ತಿತ್ತು. ಆ ವಸ್ತ್ರ ಸಲ್ಲುತ್ತಿದ್ದುದು ಪಾರ್ಥೆನಾನಿನ ಚಿನ್ನದ ವಿಗ್ರಹಕ್ಕಲ್ಲ. ಆಲಿವ್ ಮರದಿಂದ ಮಾಡಿದ ಅಥೀನಾಳ ಪುರಾತನ ಮೂರ್ತಿಗೆ. ಆ ಮೂರ್ತಿ ನಂತರ ಎರೆಕ್ಥಿಯಾನಿನಲ್ಲಿದ್ದಿತು. ಈ ಕಾರಣದಿಂದ ಪಾರ್ಥೆನಾನ್ ಪೂಜಾಸ್ಥಾನಕ್ಕಿಂತ ಹೆಚ್ಚಾಗಿ ದೇವಿಗೆ ಅರ್ಪಿಸಿದ ಭವ್ಯ ಕಾಣಿಕೆ ಮತ್ತು ಖಜಾನೆಯಾಗಿದ್ದಿತೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ.

ಉತ್ಸವದಲ್ಲಿ ಸಂಗೀತಕ್ಕೆ ಪ್ರಮುಖ ಸ್ಥಾನವಿದ್ದಿತು. ಗ್ರೀಕರ 'ಮೌಸಿಕೆ' ಎಂಬ ಪದವು ಗಾನ, ಕಾವ್ಯ ಮತ್ತು ನೃತ್ಯಗಳನ್ನು ಒಟ್ಟಾಗಿ ಒಳಗೊಳ್ಳುತ್ತದೆ. ಮುಖ್ಯ ವಾದ್ಯಗಳು ಎರಡು: ಸಾಮಾನ್ಯವಾಗಿ ಏಳು ತಂತಿಗಳಿದ್ದ, ಮರದ ಒಡಲಿನ ಕಿಥಾರಾ, ಮತ್ತು ಏಕಕಾಲದಲ್ಲಿ ಊದುವ, ನಾಲಿಗೆ ಅಳವಡಿಸಿದ ಜೋಡಿ ಕೊಳವೆಗಳ ಔಲೋಸ್. ಶಿಲ್ಪಪಟ್ಟಿಕೆಯ ಉತ್ತರ ಭಾಗದ ಮೆರವಣಿಗೆಯಲ್ಲಿ ನಾಲ್ವರು ಕಿಥಾರಾ ವಾದಕರೂ ನಾಲ್ವರು ಔಲೋಸ್ ವಾದಕರೂ ಇದ್ದರು. ಆ ಫಲಕಗಳು ಬಹಳಷ್ಟು ಹಾಳಾಗಿರುವುದರಿಂದ ಅವರ ರೂಪವನ್ನು ತಿಳಿಯಲು 1674ರಲ್ಲಿ ಬಿಡಿಸಿದ ರೇಖಾಚಿತ್ರಗಳ ನೆರವು ಬೇಕಾಗುತ್ತದೆ.

ಪ್ಯಾನಥೀನಿಯಾದಲ್ಲಿ ಸಂಗೀತ ಸ್ಪರ್ಧೆಗಳನ್ನು ನಡೆಸಬೇಕೆಂಬ ನಿರ್ಣಯವನ್ನು ಪೆರಿಕ್ಲೀಸ್ ಅಂಗೀಕಾರ ಮಾಡಿಸಿದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಆಕ್ರೊಪೊಲಿಸಿನ ದಕ್ಷಿಣ ತಪ್ಪಲಿನಲ್ಲಿ ಓಡಿಯಾನ್ ಎಂಬ ಸಂಗೀತ ಸಭಾಂಗಣವೂ ಅವನ ಕಾಲದಲ್ಲಿಯೇ ನಿರ್ಮಾಣವಾಯಿತು. ಒಳಗೆ ಹಲವು ಕಂಬಗಳಿದ್ದ ಈ ಕಟ್ಟಡದ ಮಾಡು ಪರ್ಷಿಯದ ದೊರೆಯ ಡೇರೆಯನ್ನು ಹೋಲುತ್ತಿತ್ತೆಂದು ಹೇಳಲಾಗಿದೆ. ಕ್ರಿ.ಪೂ. 86ರಲ್ಲಿ ರೋಮನ್ ಸೇನಾಪತಿ ಸುಲ್ಲಾನ ಮುತ್ತಿಗೆಯ ಸಮಯದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸ್ಪರ್ಧಾ ಬಹುಮಾನಗಳ ಪಟ್ಟಿಯಿರುವ ಕ್ರಿ.ಪೂ. 4ನೆಯ ಶತಮಾನದ ಶಾಸನವೊಂದು ದೊರೆತಿದೆ. ಅದರಂತೆ ಕಿಥಾರಾ ನುಡಿಸುತ್ತ ಹಾಡುವವರಲ್ಲಿ ಪ್ರಥಮನಿಗೆ 1,000 ಡ್ರಾಕ್ಮಾದ ಚಿನ್ನದ ಆಲಿವ್ ಕಿರೀಟವೂ 500 ಬೆಳ್ಳಿ ಡ್ರಾಕ್ಮಾಗಳೂ ಸಲ್ಲುತ್ತಿದ್ದವು. ಓಟ ಮೊದಲಾದ ಕ್ರೀಡೆಗಳಲ್ಲಿ ಗೆದ್ದವರಿಗೆ ಆಲಿವ್ ಎಣ್ಣೆ ತುಂಬಿದ ಚಿತ್ರಿತ ಹೂಜಿಗಳು ದೊರೆಯುತ್ತಿದ್ದವು.

ಕಟ್ಟಡ ಮತ್ತು ಶಿಲ್ಪಗಳಿಗೆ ಹೋಲಿಸಿದರೆ ಗ್ರೀಕ್ ಸಂಗೀತದಲ್ಲಿ ಉಳಿದಿರುವುದು ಅತ್ಯಲ್ಪ. ಪೆರಿಕ್ಲೀಸನ ಕಾಲದ ಪ್ಯಾನಥೀನಿಯಾದಲ್ಲಿ ಹಾಡಿದ ಯಾವ ರಾಗವೂ ಉಳಿದಿಲ್ಲ. ಸ್ವರಲಿಪಿಯೊಂದಿಗೆ ದೊರೆತಿರುವ ಪ್ರಮುಖ ರಚನೆಗಳಲ್ಲಿ ಕ್ರಿ.ಪೂ. 2ನೆಯ ಶತಮಾನದ ಎರಡು ಅಪೋಲೊ ಸ್ತುತಿಗಳು ಸೇರಿವೆ. ಅವನ್ನು ಡೆಲ್ಫಿಯಲ್ಲಿ ಅಥೆನ್ಸಿನವರು ಕಟ್ಟಿಸಿದ್ದ ಖಜಾನೆಯ ಗೋಡೆಯ ಮೇಲೆ ಕೆತ್ತಲಾಗಿತ್ತು.

ನಂತರದ ಇತಿಹಾಸ

ಪ್ರಾಚೀನ ಧರ್ಮ ಅಳಿದ ಮೇಲೆ ಪಾರ್ಥೆನಾನ್ ಕನ್ಯೆ ಮೇರಿಯ ಕ್ರೈಸ್ತ ದೇವಾಲಯವಾಯಿತು. ಆಗ ಪೂರ್ವ ತುದಿಯಲ್ಲಿ ಅರ್ಧವೃತ್ತಾಕಾರದ ಭಾಗವನ್ನು ಸೇರಿಸಿದಾಗ ಪೂರ್ವ ಪೆಡಿಮೆಂಟಿನ ನಡುವಿನ ಮೂರ್ತಿಗಳು ನಷ್ಟವಾದವು. ದಕ್ಷಿಣವನ್ನು ಬಿಟ್ಟು ಉಳಿದ ಮೂರು ಬದಿಗಳ ಹೆಚ್ಚಿನ ಮೆಟೊಪೆ ಫಲಕಗಳೂ ವಿರೂಪಗೊಂಡವು. 15ನೆಯ ಶತಮಾನದಲ್ಲಿ ಅಥೆನ್ಸ್ ಆಟೊಮನ್ ತುರ್ಕರ ವಶವಾದ ಬಳಿಕ ಕಟ್ಟಡವು ಮಸೀದಿಯಾಗಿ ಮಾರ್ಪಟ್ಟು, ಮೀನಾರೊಂದು ಸೇರ್ಪಡೆಯಾಯಿತು. ಆದರೂ 17ನೆಯ ಶತಮಾನದವರೆಗೆ, ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ, ಅದರ ಮುಖ್ಯ ರಚನೆ ಬಹುಮಟ್ಟಿಗೆ ನಿಂತೇ ಇದ್ದಿತು.

1687ರಲ್ಲಿ ವೆನಿಸಿನ ಸೇನೆ ಅಥೆನ್ಸಿಗೆ ಮುತ್ತಿಗೆ ಹಾಕಿದಾಗ ತುರ್ಕರು ಪಾರ್ಥೆನಾನಿನಲ್ಲಿ ಮದ್ದನ್ನು ಸಂಗ್ರಹಿಸಿದ್ದರು. ಸೆಪ್ಟೆಂಬರ್ 26ರಂದು ವೆನಿಸಿನವರು ಹಾರಿಸಿದ ಗುಂಡು ಅದಕ್ಕೆ ತಗುಲಿ ಭೀಕರ ಸ್ಫೋಟ ಸಂಭವಿಸಿತು. ಒಳಗೆ ಆಶ್ರಯ ಪಡೆದಿದ್ದವರು ಸೇರಿ ಸುಮಾರು 300 ಮಂದಿ ಸತ್ತರು. ಮಾಡು, ಒಳಗೋಡೆಗಳು ಹಾಗೂ ಉತ್ತರ ದಕ್ಷಿಣ ಬದಿಗಳ ನಡುವಿನ ಕಂಬಗಳು ಉರುಳಿದವು. ಅನಂತರ ವೆನಿಸಿನ ಸೇನಾಪತಿ ಮೊರೊಸಿನಿ ಪಶ್ಚಿಮ ಪೆಡಿಮೆಂಟಿನ ಮೂರ್ತಿಗಳನ್ನು ಕೆಳಗಿಳಿಸಲು ಯತ್ನಿಸಿದಾಗ ಅವು ಬಿದ್ದು ಒಡೆದವು.

ಶಿಲ್ಪಗಳ ಸ್ಥಳಾಂತರ ಮತ್ತು ವಿವಾದ

ಆಟೊಮನ್ ಸಾಮ್ರಾಜ್ಯದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ 1801ರಿಂದ ತನ್ನ ಪ್ರತಿನಿಧಿಗಳ ಮೂಲಕ ಪಾರ್ಥೆನಾನಿನ ಶಿಲ್ಪಗಳನ್ನು ತೆಗೆಸಿ ಇಂಗ್ಲೆಂಡಿಗೆ ಸಾಗಿಸಿದನು. ಕಟ್ಟಡದಲ್ಲಿಯೇ ಇದ್ದ ಶಿಲ್ಪಗಳನ್ನೂ ಕಲ್ಲುಗಳನ್ನು ಕತ್ತರಿಸಿ ತೆಗೆಯಲಾಯಿತು. 1816ರಲ್ಲಿ ಬ್ರಿಟಿಷ್ ಸರ್ಕಾರ ಅವನ್ನು 35,000 ಪೌಂಡುಗಳಿಗೆ ಕೊಂಡು ಬ್ರಿಟಿಷ್ ಮ್ಯೂಸಿಯಮ್‌ಗೆ ಒಪ್ಪಿಸಿತು. ಉಳಿದಿರುವ ಶಿಲ್ಪಗಳ ಸುಮಾರು ಅರ್ಧಭಾಗ ಅಲ್ಲಿದೆ: ಸುಮಾರು 75 ಮೀಟರ್ ಪಟ್ಟಿಕೆ, 15 ಮೆಟೊಪೆ ಫಲಕಗಳು ಮತ್ತು 17 ಪೆಡಿಮೆಂಟ್ ಮೂರ್ತಿಗಳು. ಉಳಿದವುಗಳಲ್ಲಿ ಹೆಚ್ಚಿನವು ಅಥೆನ್ಸಿನಲ್ಲಿವೆ. ಕೆಲವು ತುಂಡುಗಳು ಪ್ಯಾರಿಸ್, ಕೋಪನ್‌ಹೇಗನ್ ಮೊದಲಾದೆಡೆ ಇವೆ. ಕೆಲವು ಮೂರ್ತಿಗಳ ಭಾಗಗಳೇ ಎರಡು ನಗರಗಳ ನಡುವೆ ಹಂಚಿಹೋಗಿವೆ.

ಎಲ್ಗಿನ್ ಆಟೊಮನ್ ಸರ್ಕಾರದ ಅನುಮತಿ ಪಡೆದಿದ್ದನೆಂದೂ, ಜಗತ್ತಿನ ಇತರ ಸಂಸ್ಕೃತಿಗಳ ಜೊತೆಯಲ್ಲಿಟ್ಟು ಶಿಲ್ಪಗಳನ್ನು ನೋಡುವ ಅವಕಾಶ ಲಂಡನ್ನಿನಲ್ಲಿದೆಯೆಂದೂ ಬ್ರಿಟಿಷ್ ಮ್ಯೂಸಿಯಮ್ ವಾದಿಸುತ್ತದೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡಲು 1963ರ ಬ್ರಿಟಿಷ್ ಮ್ಯೂಸಿಯಮ್ ಕಾಯಿದೆಯೂ ನಿರ್ಬಂಧ ವಿಧಿಸುತ್ತದೆ. ಅನುಮತಿಯ ಮೂಲ ಪತ್ರ ದೊರೆತಿಲ್ಲ. ಇಟಾಲಿಯನ್ ಅನುವಾದ ಮಾತ್ರ ಉಳಿದಿದ್ದು, ಗೋಡೆಯಲ್ಲಿದ್ದ ಶಿಲ್ಪಗಳನ್ನು ಕೀಳಲು ಅದು ಅವಕಾಶ ಕೊಡುತ್ತದೆಯೇ ಎಂಬುದು ಚರ್ಚಾಸ್ಪದ. ಪರಾಧೀನ ಕಾಲದಲ್ಲಿ ಆಳುವವರು ಕೊಟ್ಟ ಅನುಮತಿಗೆ ಮಾನ್ಯತೆಯಿಲ್ಲವೆಂದೂ, ಇವು ಬಿಡಿ ಕಲಾಕೃತಿಗಳಾಗಿರದೆ ಇಂದಿಗೂ ನಿಂತಿರುವ ಕಟ್ಟಡವೊಂದರ ಅಂಗಗಳೆಂದೂ ಗ್ರೀಸ್ ಪ್ರತಿಪಾದಿಸುತ್ತದೆ. 1980ರ ದಶಕದಲ್ಲಿ ಗ್ರೀಸಿನ ಸಂಸ್ಕೃತಿ ಸಚಿವೆ ಮೆಲಿನಾ ಮರ್ಕೂರಿ ಈ ಬೇಡಿಕೆಯನ್ನು ಅಂತರರಾಷ್ಟ್ರೀಯ ವೇದಿಕೆಗಳಿಗೆ ಒಯ್ದರು.

2009ರಲ್ಲಿ ಗುಡ್ಡದ ಬುಡದಲ್ಲಿ ಹೊಸ ಆಕ್ರೊಪೊಲಿಸ್ ವಸ್ತುಸಂಗ್ರಹಾಲಯ ತೆರೆಯಿತು. ಅದರ ಮೇಲಂತಸ್ತಿನ ಸಭಾಂಗಣವನ್ನು ದೇವಾಲಯದ ದಿಕ್ಕಿಗೇ ಹೊಂದಿಸಿ ಕಟ್ಟಲಾಗಿದ್ದು, ಮೂಲ ಶಿಲ್ಪಗಳ ಪಕ್ಕದಲ್ಲಿ, ಹೊರದೇಶದಲ್ಲಿರುವ ಭಾಗಗಳ ಬಿಳಿ ಅಚ್ಚುಗಳನ್ನು ಇರಿಸಲಾಗಿದೆ. ಸಿಸಿಲಿಯ ಪಲೆರ್ಮೊ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಪಟ್ಟಿಕೆಯ ತುಂಡು 2022ರಲ್ಲಿ, ವ್ಯಾಟಿಕನ್ ಬಳಿಯಿದ್ದ ಮೂರು ತುಂಡುಗಳು 2023ರಲ್ಲಿ ಅಥೆನ್ಸಿಗೆ ಮರಳಿದವು.

ಜೀರ್ಣೋದ್ಧಾರ

20ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂಜಿನಿಯರ್ ನಿಕೊಲಾಸ್ ಬಲಾನೋಸ್ ಬಿದ್ದ ಕಂಬಗಳನ್ನು ಮತ್ತೆ ನಿಲ್ಲಿಸಿದನು. ಅವನು ಬಳಸಿದ ಕಬ್ಬಿಣಕ್ಕೆ ಪ್ರಾಚೀನರಂತೆ ಸೀಸದ ರಕ್ಷಣೆಯಿರಲಿಲ್ಲ. ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಸೀಳಿತು. ನಗರದ ವಾಯುಮಾಲಿನ್ಯದಿಂದಲೂ ಶಿಲ್ಪಗಳು ಸವೆದವು. 1975ರಲ್ಲಿ ಆಕ್ರೊಪೊಲಿಸಿನ ಸಂರಕ್ಷಣೆಗಾಗಿ ತಜ್ಞರ ಸಮಿತಿಯೊಂದನ್ನು ರಚಿಸಲಾಯಿತು. ಕಬ್ಬಿಣದ ಬದಲು ತುಕ್ಕು ಹಿಡಿಯದ ಟೈಟಾನಿಯಮ್ ಬಳಸಿ, ಚದುರಿದ ಕಲ್ಲುಗಳ ಮೂಲಸ್ಥಾನವನ್ನು ಗುರುತಿಸಿ, ಕೊರತೆಯಿರುವಲ್ಲಿ ಮಾತ್ರ ಪೆಂಟೆಲಿಕಾನಿನ ಹೊಸ ಅಮೃತಶಿಲೆಯನ್ನು ಸೇರಿಸುವ ವಿಧಾನವನ್ನು ಅನುಸರಿಸಲಾಗುತ್ತಿದೆ. ಪ್ರತಿಯೊಂದು ಕಲ್ಲಿನ ಅಳತೆಯೂ ಭಿನ್ನವಾಗಿರುವುದರಿಂದ ಅದರ ಮೂಲಸ್ಥಾನವನ್ನು ಕಂಡುಹಿಡಿಯಲು ಸಾಧ್ಯವಾಗಿದೆ. 1987ರಲ್ಲಿ ಯುನೆಸ್ಕೊ ಆಕ್ರೊಪೊಲಿಸನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಪ್ರಭಾವ

18ನೆಯ ಶತಮಾನದಿಂದ ಯೂರೋಪ್ ಮತ್ತು ಅಮೆರಿಕದ ಸಾರ್ವಜನಿಕ ಕಟ್ಟಡಗಳ ಮೇಲೆ ಪಾರ್ಥೆನಾನಿನ ಪ್ರಭಾವ ಗಾಢವಾಗಿದೆ. ಜರ್ಮನಿಯಲ್ಲಿ 1842ರಲ್ಲಿ ಪೂರ್ಣಗೊಂಡ ವಾಲ್‌ಹಲ್ಲಾ ಸ್ಮಾರಕದ ಹೊರರೂಪ ಇದರ ಮಾದರಿಯದು. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 1897ರ ಪ್ರದರ್ಶನಕ್ಕಾಗಿ ಮೂಲದಷ್ಟೇ ದೊಡ್ಡ ಪ್ರತಿಕೃತಿಯೊಂದನ್ನು ಕಟ್ಟಲಾಯಿತು. 1920ರ ದಶಕದಲ್ಲಿ ಅದನ್ನು ಕಾಂಕ್ರೀಟಿನಲ್ಲಿ ಮರುನಿರ್ಮಿಸಲು ಆರಂಭಿಸಲಾಯಿತು. ಒಳಗಿರುವ ಅಥೀನಾಳ ಪೂರ್ಣಗಾತ್ರದ ವಿಗ್ರಹವು 1990ರಲ್ಲಿ ಸ್ಥಾಪನೆಗೊಂಡಿತು.